ಮರಳಿ ಬರುವ ಹಣ ತ್ಯಾಗವೆನಿಸುವುದೇ?

ದಶಲಕ್ಷಣ ಪರ್ವದ ಎಂಟನೆಯ ದಿನ ಉತ್ತಮ ತ್ಯಾಗಧರ್ಮದ ಆರಾಧನೆ ನಡೆಯುತ್ತದೆ. ಅಂದು ಬಸದಿಯಲ್ಲಿ ಪೂಜೆ ಪ್ರವಚನಗಳು ಮುಗಿದ ಮೇಲೆ ಶ್ರಾವಕ ಶ್ರಾವಿಕೆಯರು ಯಥಾಶಕ್ತಿ ದಾನ ಬರೆಯಿಸುವುದು ತಲೆಮಾರುಗಳಿಂದ ನಡೆದುಬಂದ ಪದ್ಧತಿ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳ ಹೆಸರನ್ನು ಅರಿಯದ ಮನೆ ಸಮಾಜದಲ್ಲಿ ವಿರಳ. ಆದರೆ ಈಚಿನ ವರ್ಷಗಳಲ್ಲಿ ಈ ನಾಲ್ಕರ ಒಳಗೆ ಎಲ್ಲಿ ಇರಿಸಬೇಕೆಂದು ತೋಚದಂತಹ ಒಂದು ಕೊಡುವಿಕೆ ಜೈನ ಮನೆಗಳನ್ನೂ ಪ್ರವೇಶಿಸಿದೆ. ಅದು ಕೊಡುವುದೂ ಹೌದು, ಮರಳಿ ಪಡೆಯುವುದೂ ಹೌದು. ಕೊಟ್ಟವನು ಬಡ್ಡಿ ಪಡೆಯುವುದಿಲ್ಲ. ಪಡೆದವನು ಬಡ್ಡಿ ತೆರುತ್ತಾನೆ. ಇಬ್ಬರೂ ಪರಸ್ಪರ ಮುಖ ನೋಡುವುದು ಗಣಕಯಂತ್ರದ ಪರದೆಯ ಮೇಲೆ ಮಾತ್ರ, ಅದೂ ಒಂದೇ ಕಡೆಯಿಂದ.

ಹುಬ್ಬಳ್ಳಿಯ ಒಬ್ಬ ಹಿರಿಯ ಗೃಹಸ್ಥರು ಬಟ್ಟೆ ವ್ಯಾಪಾರವನ್ನು ಮಕ್ಕಳಿಗೆ ಒಪ್ಪಿಸಿ ಎರಡನೆಯ ಪ್ರತಿಮೆಯ ವ್ರತಗಳನ್ನು ಸ್ವೀಕರಿಸಿದವರು. ಅವರ ಕಿರಿಯ ಮಗಳು ಪತಿಯೊಡನೆ ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದಾಳೆ. ಅಲ್ಲಿಯೂ ಆಕೆ ಭಾದ್ರಪದದ ಹತ್ತು ದಿನ ಏಕಾಶನವನ್ನು ತಪ್ಪಿಸಿದವಳಲ್ಲ. ಪರ್ವದಲ್ಲಿ ಊಟ ತಿಂಡಿಗಳಿಂದ ಉಳಿದ ಹಣಕ್ಕೆ ಒಂದಿಷ್ಟು ಸೇರಿಸಿ, ತ್ಯಾಗಧರ್ಮದ ದಿನದಂದು ೨೫ ಡಾಲರನ್ನು ಅಂತರಜಾಲದ ಒಂದು ಸಂಸ್ಥೆಯ ಮೂಲಕ ದೂರದೇಶದ ಬಡ ಉದ್ಯೋಗಿಯೊಬ್ಬಳಿಗೆ ಸಾಲವಾಗಿ ಕೊಡುವುದನ್ನು ಆರು ವರ್ಷಗಳ ಹಿಂದೆ ಆರಂಭಿಸಿದಳು. ಹಣ ಕಂತು ಕಂತಾಗಿ ಮರಳಿ ಬಂದಿತು; ಮರುವರ್ಷ ತ್ಯಾಗದ ದಿನ ಅದನ್ನೇ ಮತ್ತೊಬ್ಬರಿಗೆ ಕೊಟ್ಟಳು. ವ್ರತದ ಪುಸ್ತಕದಲ್ಲಿ ‘ತ್ಯಾಗ’ ಎಂಬ ಪುಟದಲ್ಲಿ ಹೀಗೆ ಆರು ಸಾಲುಗಳು ಸೇರಿದವು. ಹೋದ ವರ್ಷ ಆಕೆ ತಂದೆಗೆ, “ಅಪ್ಪಾಜಿ, ನಿಮ್ಮ ಹೆಸರಿನಲ್ಲಿಯೂ ಒಂದು ಸಾಲ ಕೊಡಲೇ?” ಎಂದು ಕೇಳಿದಳು. ತಂದೆ ಒಡನೆಯೇ ಉತ್ತರಿಸಲಿಲ್ಲ. ತಾವು ಸ್ವೀಕರಿಸಿದ ದಿಗ್ವ್ರತವು ಇದಕ್ಕೆ ಅವಕಾಶ ಕೊಡುವುದೇ ಎಂಬುದು ಅವರ ಚಿಂತೆ. ಮಗಳು ಬರೆದುಕೊಂಡದ್ದು ನಿಜವಾಗಿ ಆರು ತ್ಯಾಗಗಳೇ, ಒಂದೇ, ಅಥವಾ ಒಂದೂ ಅಲ್ಲವೇ ಎಂಬುದು ಅದರ ಹಿಂದೆಯೇ ಎದ್ದ ಪ್ರಶ್ನೆ. ಎರಡೂ ಪ್ರಶ್ನೆಗಳು ಒಂದೇ ಬೇರಿನವು ಎಂಬುದು ವಿಚಾರ ಮಾಡುತ್ತ ಹೋದಂತೆ ಕಾಣುತ್ತದೆ.

ಮೊದಲು ಈ ವ್ಯವಹಾರದ ಸ್ವರೂಪವನ್ನು ತಿಳಿಯಬೇಕು. ಬಡವರಿಗೆ ಒತ್ತೆಯಿಲ್ಲದೆ ಚಿಕ್ಕ ಸಾಲ ಕೊಡುವ ಆಧುನಿಕ ಪ್ರಯತ್ನಗಳಲ್ಲಿ ಹೆಸರಾದದ್ದು ಬಾಂಗ್ಲಾದೇಶದ್ದು. ಚಿತ್ತಗಾಂವ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಅಧ್ಯಾಪಕರಾಗಿದ್ದ ಮುಹಮ್ಮದ್ ಯೂನುಸರು ೧೯೭೬ರಲ್ಲಿ ಸಮೀಪದ ಜೋಬ್ರಾ ಗ್ರಾಮದಲ್ಲಿ ಬಿದಿರಿನ ಪೀಠ ಹೆಣೆಯುವ ಹೆಂಗಸರನ್ನು ಕಂಡರು. ಬಿದಿರು ಕೊಳ್ಳಲು ಹಣ ಕೊಟ್ಟ ವ್ಯಾಪಾರಿಗೆ, ಅವನು ಹೇಳಿದ ಬೆಲೆಗೇ ಪೀಠವನ್ನು ಒಪ್ಪಿಸಬೇಕು. ದಿನವಿಡೀ ದುಡಿದವಳ ಕೈಯಲ್ಲಿ ಉಳಿಯುತ್ತಿದ್ದುದು ಐವತ್ತು ಪೈಸೆ. ಇಂತಹ ೪೨ ಮಂದಿಯ ಸಾಲವನ್ನೆಲ್ಲ ಕೂಡಿಸಿದರೂ ೮೫೬ ಟಾಕಾ, ಅಂದರೆ ಅಂದಿನ ಲೆಕ್ಕದಲ್ಲಿ ೨೭ ಡಾಲರು ಮಾತ್ರ. ಅಷ್ಟನ್ನು ಅವರು ತಮ್ಮ ಕಿಸೆಯಿಂದಲೇ ಕೊಟ್ಟರು. ಆ ಪ್ರಯತ್ನವು ೧೯೮೩ರಲ್ಲಿ ಗ್ರಾಮೀಣ ಬ್ಯಾಂಕ್ ಆಯಿತು. ೨೦೦೬ರಲ್ಲಿ ಬ್ಯಾಂಕಿಗೂ ಯೂನುಸರಿಗೂ ನೊಬೆಲ್ ಶಾಂತಿ ಪಾರಿತೋಷಕ ದೊರೆಯಿತು. ಇಷ್ಟು ಅಲ್ಪ ಮೊತ್ತಕ್ಕೆ ಇಷ್ಟು ಜನರ ದುಡಿಮೆ ಅಡವಾಗಿತ್ತೆಂಬ ಸಂಗತಿ ಯಾರ ಮನಸ್ಸನ್ನಾದರೂ ಕಲಕುವಂತಹುದು.

ಇದನ್ನು ಅಂತರಜಾಲಕ್ಕೆ ತಂದವರು ಅಮೆರಿಕೆಯ ಮ್ಯಾಟ್ ಫ್ಲ್ಯಾನರಿ ಮತ್ತು ಜೆಸ್ಸಿಕಾ ಜಾಕ್ಲಿ. ಇವರು ೨೦೦೫ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ‘ಕೀವಾ’ ಎಂಬ ಲಾಭರಹಿತ ಸಂಸ್ಥೆಯನ್ನು ಸ್ಥಾಪಿಸಿದರು. ಮೊದಲ ಸಾಲಗಳು ಹೋದದ್ದು ಪೂರ್ವ ಆಫ್ರಿಕದ ಉಗಾಂಡಾದ ಏಳು ಮಂದಿಗೆ. ಅಲ್ಲಿಂದ ಮುಂದೆ ಕೀನ್ಯಾ, ಫಿಲಿಪ್ಪೀನ್ಸ್, ಕಾಂಬೋಡಿಯಾ ಮೊದಲಾದ ಅನೇಕ ದೇಶಗಳಿಗೆ ಈ ಕಾರ್ಯ ಹಬ್ಬಿತು. ಜಾಲತಾಣದಲ್ಲಿ ಒಬ್ಬೊಬ್ಬ ಸಾಲಗಾರರ ಚಿತ್ರ, ಕುಟುಂಬದ ವೃತ್ತಾಂತ, ಸಾಲದ ಉದ್ದೇಶಗಳು ಇರುತ್ತವೆ. ನೋಡಿದವರು ತಮಗೆ ಒಪ್ಪಿದವರಿಗೆ ೨೫ ಡಾಲರಿನಂತೆ ಕೊಡಬಹುದು. ಹತ್ತಾರು ಜನರ ಹಣ ಕೂಡಿ ಒಂದು ಸಾಲವಾಗುತ್ತದೆ. ಹಣವು ನೇರವಾಗಿ ಸಾಲಗಾರರಿಗೆ ತಲುಪುವುದಿಲ್ಲ. ಆಯಾ ದೇಶದಲ್ಲಿರುವ ಪಾಲುದಾರ ಸಂಸ್ಥೆಯು ಅದನ್ನು ಪಡೆದು, ಸಾಲ ಹಂಚಿ, ಕಂತು ವಸೂಲು ಮಾಡಿ ಮರಳಿಸುತ್ತದೆ. ನೂರಕ್ಕೆ ತೊಂಬತ್ತಾರರಷ್ಟು ಹಣ ಮರಳಿ ಬರುತ್ತದೆಂದು ಕೀವಾ ಹೇಳುತ್ತದೆ. ಮರಳಿ ಬಂದದ್ದನ್ನು ಕೊಟ್ಟವರು ಹಿಂದಕ್ಕೆ ತೆಗೆದುಕೊಳ್ಳಬಹುದು, ಇಲ್ಲವೇ ಮತ್ತೊಬ್ಬರಿಗೆ ಕೊಡಬಹುದು. ಮುಳುಗಿದರೆ ನಷ್ಟ ಕೊಟ್ಟವರದೇ.

ಭಾರತದಲ್ಲಿಯೂ ಇಂತಹ ಪ್ರಯತ್ನಗಳಾಗಿವೆ. ೨೦೦೮ರಲ್ಲಿ ಆರಂಭವಾದ ‘ರಂಗ್ ದೇ’ ಹಾಗೂ ೨೦೧೦ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಮಿಲಾಪ್’ ಆರಂಭದಲ್ಲಿ ನಡೆದದ್ದು ಈ ದಾರಿಯಲ್ಲಿಯೇ.

ಈಗ ಪ್ರಶ್ನೆಗೆ ಬರೋಣ. ತತ್ತ್ವಾರ್ಥಸೂತ್ರದಲ್ಲಿ ಆಚಾರ್ಯ ಉಮಾಸ್ವಾಮಿಗಳು ದಾನಕ್ಕೆ ಕೊಟ್ಟಿರುವ ಲಕ್ಷಣದಲ್ಲಿ ಎರಡು ಅಂಶಗಳಿವೆ: ಅನುಗ್ರಹದ ಉದ್ದೇಶ ಒಂದು, ತನ್ನದೆಂಬುದರ ಬಿಡುಗಡೆ ಮತ್ತೊಂದು. ಕೊಡುವವನಿಗೂ ಪಡೆಯುವವನಿಗೂ ಹಿತವಾಗಬೇಕು, ಮತ್ತು ವಸ್ತುವಿನ ಮೇಲಿನ ಸ್ವಾಮ್ಯ ಕೊಡುವವನಿಂದ ಕಳಚಿಹೋಗಬೇಕು. ಸಾಲದಲ್ಲಿ ಮೊದಲನೆಯ ಅಂಶ ಇರಬಹುದು. ಎರಡನೆಯದು ಖಂಡಿತ ಇಲ್ಲ. ಉಗಾಂಡಾದ ಹೆಣ್ಣುಮಗಳ ಕೈಯಲ್ಲಿರುವ ೨೫ ಡಾಲರು ಕ್ಯಾಲಿಫೋರ್ನಿಯಾದ ಶ್ರಾವಿಕೆಯದೇ. ಅದರ ಲೆಕ್ಕ ಆಕೆಯ ಹೆಸರಿನಲ್ಲಿದೆ, ಬರಬೇಕಾದ ಕಂತಿನ ದಿನಾಂಕ ಆಕೆಗೆ ಗೊತ್ತಿದೆ, ತಡವಾದರೆ ಆಕೆಯ ಮನಸ್ಸಿಗೆ ಅಷ್ಟಿಷ್ಟಾದರೂ ತಿಳಿಯುತ್ತದೆ. ಆದ್ದರಿಂದ ಇದು ಲಕ್ಷಣಬದ್ಧವಾದ ದಾನವಲ್ಲ.

ಹಾಗಾದರೆ ಇದು ವ್ಯಾಪಾರವೇ? ಅದೂ ಅಲ್ಲ, ಲಾಭದ ಆಸೆ ಇಲ್ಲಿಲ್ಲ. ಕನ್ನಡನಾಡಿನ ಹಳ್ಳಿ ಪಟ್ಟಣಗಳಲ್ಲಿ ಇದಕ್ಕೆ ಬಹುಕಾಲದಿಂದ ಒಂದು ಹೆಸರಿದೆ: ಕೈಗಡ. ಪತ್ರವಿಲ್ಲದೆ, ಬಡ್ಡಿಯಿಲ್ಲದೆ, ನೆರೆಮನೆಯವರ ಕಷ್ಟಕ್ಕೆಂದು ನಾಲ್ಕು ದಿನದ ಮಟ್ಟಿಗೆ ಕೊಟ್ಟದ್ದನ್ನು ಯಾರೂ ದಾನವೆನ್ನಲಿಲ್ಲ, ವ್ಯಾಪಾರವೆಂದೂ ಎನ್ನಲಿಲ್ಲ. ಅದು ಉಪಕಾರ. ಕೈಗಡ ಪಡೆದವನು ಕೊಟ್ಟವನ ಮುಂದೆ ತಲೆ ತಗ್ಗಿಸಬೇಕಾಗಿಲ್ಲ. ನಾಳೆ ಅವನೇ ಕೊಡುವವನಾಗಬಹುದು. ಅಂತರಜಾಲದ ಸಾಲವನ್ನು ಸಮರ್ಥಿಸುವವರು ಹೇಳುವುದೂ ಇದನ್ನೇ: ಭಿಕ್ಷೆಯು ಮನುಷ್ಯನನ್ನು ಕುಗ್ಗಿಸುತ್ತದೆ, ಸಾಲವು ಅವನನ್ನು ಸಮಾನನೆಂದು ಕಾಣುತ್ತದೆ. ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಹೇಳುವ ನಾಲ್ಕು ದತ್ತಿಗಳಲ್ಲಿ ದಯಾದತ್ತಿಯ ಜತೆಗೆ ಸಮದತ್ತಿಯೂ ಇರುವುದನ್ನು ಇಲ್ಲಿ ಕೆಲವರು ನೆನೆಯಬಹುದು. ಆದರೆ ಸಮದತ್ತಿಯು ಕ್ರಿಯೆ ವ್ರತಗಳಲ್ಲಿ ತನ್ನಂತೆಯೇ ಇರುವ ಸಧರ್ಮಿಗೆ ಕೊಡುವ ದತ್ತಿ, ಮತ್ತು ಅದು ಮರಳಿ ಪಡೆಯುವಂತಹುದಲ್ಲ. ಹೆಸರಿನ ಸಾಮ್ಯದಿಂದ ಅರ್ಥವನ್ನು ಎಳೆಯುವುದು ಸರಿಯಲ್ಲ. ಸಮಾನತೆಯ ಮಾತಿನಲ್ಲಿ ಹುರುಳಿದೆ. ಅದಕ್ಕೆ ಶಾಸ್ತ್ರದ ಮುದ್ರೆಯನ್ನು ಬಲವಂತವಾಗಿ ಒತ್ತಬೇಕಾಗಿಲ್ಲ.

ಕೈಗಡಕ್ಕೂ ಇದಕ್ಕೂ ಒಂದು ದೊಡ್ಡ ಅಂತರವುಂಟು. ಕೈಗಡದಲ್ಲಿ ಕೊಟ್ಟವನೇ ವಸೂಲು ಮಾಡುವವನು. ಪಡೆದವನ ಮನೆಯಲ್ಲಿ ಒಲೆ ಹೊತ್ತಿಲ್ಲವೆಂದು ಕಂಡರೆ ಬಾಯಿ ತೆರೆಯದೆ ಹಿಂದಿರುಗುತ್ತಾನೆ. ಇಲ್ಲಿ ಕೊಟ್ಟವರು ಎಲ್ಲಿಯೋ, ವಸೂಲಿಗೆ ಹೋಗುವವರು ಇನ್ನೆಲ್ಲಿಯೋ. ಕೊಟ್ಟವರು ಬಡ್ಡಿ ಬಿಟ್ಟರೂ ಪಾಲುದಾರ ಸಂಸ್ಥೆ ಬಿಡುವುದಿಲ್ಲ. ಚಿಕ್ಕ ಸಾಲಕ್ಕೆ ಬಡ್ಡಿ ಹೆಚ್ಚೇಕೆಂಬುದಕ್ಕೆ ಕಾರಣವೂ ಇದೆ: ಐದು ಲಕ್ಷದ ಒಂದು ಸಾಲಕ್ಕೆ ಎಷ್ಟು ಬರವಣಿಗೆಯೋ ಐದು ಸಾವಿರದ ಸಾಲಕ್ಕೂ ಹೆಚ್ಚು ಕಡಿಮೆ ಅಷ್ಟೇ, ಅದರ ಮೇಲೆ ವಾರ ವಾರವೂ ಹಳ್ಳಿಗೆ ಹೋಗಿಬರುವ ನೌಕರನ ಸಂಬಳ. ಈ ಕಾರಣ ಸುಳ್ಳಲ್ಲ. ಆದರೆ ಇದೇ ಕಾರಣವನ್ನು ಮುಂದಿಟ್ಟುಕೊಂಡು ಲಾಭದ ರಾಶಿ ಮಾಡಿದವರೂ ಉಂಟು. ಮೆಕ್ಸಿಕೋದ ಕಂಪಾರ್ತಾಮೋಸ್ ಎಂಬ ಬ್ಯಾಂಕು ೨೦೦೭ರಲ್ಲಿ ತನ್ನ ಷೇರುಗಳನ್ನು ಪೇಟೆಗೆ ಬಿಟ್ಟಾಗ, ಅದು ಬಡ ಹೆಂಗಸರಿಂದ ವರ್ಷಕ್ಕೆ ನೂರಕ್ಕೆ ಎಂಬತ್ತಕ್ಕೂ ಮೇಲ್ಪಟ್ಟು ಬಡ್ಡಿ ಪಡೆಯುತ್ತಿದ್ದ ಸಂಗತಿ ಲೋಕಕ್ಕೆಲ್ಲ ತಿಳಿಯಿತು. ಯೂನುಸರು ಅದನ್ನು ಬಹಿರಂಗವಾಗಿ ಖಂಡಿಸಿದರು.

ಬಡ್ಡಿಯನ್ನು ಪಡೆಯುವುದೇ ಪಾಪವೆಂದು ಜೈನ ಆಚಾರಶಾಸ್ತ್ರ ಹೇಳುವುದಿಲ್ಲ. ಅನೇಕ ಜೈನ ಮನೆತನಗಳು ಒಡವೆ ಒತ್ತೆಯ ಮೇಲೆ ಸಾಲ ಕೊಟ್ಟು ಬಾಳಿವೆ. ಶ್ರವಣಬೆಳಗೊಳದ ೧೩ನೆಯ ಶತಮಾನದ ಶಾಸನಗಳಲ್ಲಿ ಗೊಮ್ಮಟಸ್ವಾಮಿಯ ಅಭಿಷೇಕದ ಹಾಲಿಗೆಂದು ಗದ್ಯಾಣಗಳನ್ನು ಇರಿಸಿ, ಅವುಗಳ ಬಡ್ಡಿಯಿಂದ ನಿತ್ಯ ಹಾಲು ಸಲ್ಲುವಂತೆ ಮಾಡಿದ ಏರ್ಪಾಡು ದಾಖಲಾಗಿದೆ. ಹೀಗಿರಲು ವಿಚಾರವಿರುವುದು ಬಡ್ಡಿ ಉಂಟೇ ಇಲ್ಲವೇ ಎಂಬುದರಲ್ಲಿ ಅಲ್ಲ, ಹೊರೆ ಎಷ್ಟು ಎಂಬುದರಲ್ಲಿ.

ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಪಾಠಶಾಲೆಯ ಮಕ್ಕಳೂ ಒಪ್ಪಿಸುತ್ತಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ನಾಲ್ಕನೆಯದು ಎತ್ತು ಕತ್ತೆಗಳ ಮೇಲೆ ಶಕ್ತಿಮೀರಿ ಹೊರೆ ಹೇರುವುದೆಂದೂ ಐದನೆಯದು ಅವುಗಳಿಗೆ ಹೊತ್ತಿಗೆ ಸರಿಯಾಗಿ ಮೇವು ನೀರು ಕೊಡದಿರುವುದೆಂದೂ ವಿವರಿಸುವುದು ವಾಡಿಕೆ. ಗಾಡಿ ಹೂಡುವ ಮನೆಗಳೇ ಇಲ್ಲವಾದ ಮೇಲೆ ಈ ಎರಡು ಅತಿಚಾರಗಳು ತಮಗೆ ಸಂಬಂಧಿಸಿದವಲ್ಲವೆಂದು ಅನೇಕರು ನೆಮ್ಮದಿಯಿಂದಿದ್ದಾರೆ. ಆದರೆ ಒಂದು ಕಂತು ತೀರಿಸಲು ಮತ್ತೊಂದು ಸಂಸ್ಥೆಯಿಂದ ಸಾಲ, ಅದನ್ನು ತೀರಿಸಲು ಮೂರನೆಯದು, ಹೀಗೆ ಒಂದೇ ಸಂಸಾರದ ಬೆನ್ನಿಗೆ ನಾಲ್ಕು ಸಾಲ ಬಿದ್ದಾಗ ಅದಕ್ಕೆ ಅತಿಭಾರವೆಂಬ ಹೆಸರಲ್ಲದೆ ಬೇರೆ ಹೆಸರಿದೆಯೇ? ವಾರದ ಕಂತಿನ ದಿನ ತಾಯಿ ಉಣ್ಣದೆ ಉಳಿದರೆ ಅದು ಉಪವಾಸವಲ್ಲ. ಉಪವಾಸಕ್ಕೆ ಇಚ್ಛೆಯಿರಬೇಕು, ಕಷಾಯಗಳ ಮಂದತೆಯಿರಬೇಕು. ಇಚ್ಛೆಯಿಲ್ಲದ ಹಸಿವು ಅನ್ನಪಾನನಿರೋಧ. ಅದರ ದೋಷ ಹಸಿದವಳದಲ್ಲ, ಹಸಿಯುವಂತೆ ಮಾಡಿದವರದು. ಉಪವಾಸದಿಂದ ಉಳಿದ ಹಣ ಸಾಲವಾಗಿ ಹೋಗಿ ಮತ್ತೊಂದು ಮನೆಯಲ್ಲಿ ಹಸಿವನ್ನು ಹುಟ್ಟಿಸುವುದಾದರೆ, ವ್ರತಿಗೆ ಅದಕ್ಕಿಂತ ಕಠಿಣವಾದ ವಿಡಂಬನೆ ಇನ್ನೊಂದಿಲ್ಲ.

ಇದು ಕಲ್ಪನೆಯ ಭಯವಲ್ಲ. ಕಾಂಬೋಡಿಯಾದಲ್ಲಿ ಚಿಕ್ಕ ಸಾಲಗಳಿಗೂ ಜಮೀನಿನ ಪತ್ರಗಳನ್ನು ಒತ್ತೆ ಇರಿಸಿಕೊಳ್ಳುವ ರೂಢಿ ಬೆಳೆಯಿತು. ಸಾಲ ತೀರಿಸಲು ಕುಟುಂಬಗಳು ನೆಲವನ್ನೇ ಮಾರಿಕೊಳ್ಳುತ್ತಿರುವುದನ್ನು ಅಲ್ಲಿಯ ಮಾನವಹಕ್ಕುಗಳ ಸಂಸ್ಥೆಗಳು ೨೦೧೯ರಲ್ಲಿ ವರದಿ ಮಾಡಿದವು. ಭಾರತದಲ್ಲಿ ಅವಿಭಜಿತ ಆಂಧ್ರಪ್ರದೇಶವು ೨೦೧೦ರ ಅಕ್ಟೋಬರದಲ್ಲಿ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ವಸೂಲಿಯ ಪೀಡೆಯಿಂದ ಪ್ರಾಣ ಕಳೆದುಕೊಂಡವರ ಸುದ್ದಿಗಳು ಆಗ ದಿನವೂ ಬರುತ್ತಿದ್ದವು. ಅದಕ್ಕೆ ಕೆಲವೇ ತಿಂಗಳ ಹಿಂದೆ ಅಲ್ಲಿಯದೇ ಒಂದು ದೊಡ್ಡ ಕಂಪನಿ ಷೇರುಪೇಟೆಯಲ್ಲಿ ಭಾರಿ ಮೊತ್ತವನ್ನು ಎತ್ತಿತ್ತು. ಕರ್ನಾಟಕದಲ್ಲಿ ೨೦೨೫ರ ಆರಂಭದಲ್ಲಿ ಚಾಮರಾಜನಗರ ಮೊದಲಾದ ಜಿಲ್ಲೆಗಳಿಂದ ಸಾಲಕ್ಕೆ ಅಂಜಿ ಮನೆಗೆ ಬೀಗ ಹಾಕಿ ಊರು ಬಿಟ್ಟವರ ವಾರ್ತೆಗಳು ಬಂದವು. ಫೆಬ್ರವರಿಯಲ್ಲಿ ರಾಜ್ಯ ಸರಕಾರವು ಬಲಾತ್ಕಾರದ ವಸೂಲಿಗೆ ಹತ್ತು ವರ್ಷಗಳವರೆಗಿನ ಸೆರೆವಾಸವನ್ನೂ ಐದು ಲಕ್ಷ ರೂಪಾಯಿಗಳವರೆಗಿನ ದಂಡವನ್ನೂ ವಿಧಿಸುವ ಸುಗ್ರೀವಾಜ್ಞೆಯನ್ನು ತಂದಿತು. ರಿಸರ್ವ್ ಬ್ಯಾಂಕು ೨೦೨೨ರಲ್ಲಿ ಬಡ್ಡಿಯ ಮೇಲಿನ ಮಿತಿಯನ್ನು ತೆಗೆದುಹಾಕಿತಾದರೂ, ಒಂದು ಸಂಸಾರದ ಎಲ್ಲ ಸಾಲಗಳ ಕಂತೂ ಸೇರಿ ಅದರ ತಿಂಗಳ ಆದಾಯದ ಅರ್ಧವನ್ನು ಮೀರಬಾರದೆಂದು ಕಟ್ಟು ಮಾಡಿತು. ಎತ್ತಿನ ಹೊರೆಗೆ ಮಿತಿ ಇಟ್ಟ ಆಚಾರ್ಯರ ದೃಷ್ಟಿಗೂ ಈ ಕಟ್ಟಿಗೂ ಸಂಬಂಧವಿಲ್ಲದಿಲ್ಲ. ಆದರೆ ಅರ್ಧ ಎಂಬುದೇ ಬಡವನಿಗೆ ಕಡಿಮೆ ಹೊರೆಯಲ್ಲ.

ಇನ್ನು ಚಿತ್ರದ ವಿಷಯ. ಪರದೆಯ ಮೇಲಿನ ಮುಖಗಳಲ್ಲಿ ಒಂದನ್ನು ಆರಿಸುವಾಗ ಆ ಶ್ರಾವಿಕೆಯೂ ಒಂದು ಎಚ್ಚರವನ್ನು ಪಾಲಿಸುತ್ತಿದ್ದಳು. ಮೀನಿನ ಬಲೆಗೆ, ಕೋಳಿ ಹಂದಿಗಳ ಸಾಕಣೆಗೆ, ಮಾಂಸದ ಅಂಗಡಿಗೆ ಸಾಲ ಬೇಡಿದವರನ್ನು ಬಿಟ್ಟು, ಬಟ್ಟೆ ತರಕಾರಿ ಮಾರುವವರನ್ನೇ ಆರಿಸುತ್ತಿದ್ದಳು. ಅನರ್ಥದಂಡಗಳಲ್ಲಿ ಹಿಂಸಾದಾನವೂ ಒಂದೆಂಬುದನ್ನು ಬಲ್ಲವಳು ಹಾಗೆ ಮಾಡುವುದು ಸಹಜವೇ. ಆದರೆ ೨೦೦೯ರ ಅಕ್ಟೋಬರದಲ್ಲಿ ವಾಷಿಂಗ್ಟನ್ನಿನ ಡೇವಿಡ್ ರೂಡ್ಮನ್ ಎಂಬ ಸಂಶೋಧಕರು ಒಂದು ಸಂಗತಿಯನ್ನು ಬಹಿರಂಗಪಡಿಸಿದರು. ಚಿತ್ರದಲ್ಲಿರುವ ವ್ಯಕ್ತಿಗೆ ಸಾಲವು ಬಹುಮಟ್ಟಿಗೆ ಮೊದಲೇ ಕೊಡಲ್ಪಟ್ಟಿರುತ್ತದೆ. ನೋಡುಗರು ಕೊಟ್ಟ ಹಣವು ಪಾಲುದಾರ ಸಂಸ್ಥೆಯ ಭಂಡಾರವನ್ನು ತುಂಬುತ್ತದೆ. ಇದು ಗುಟ್ಟಾಗಿರಲಿಲ್ಲ, ಆದರೆ ಎದ್ದು ಕಾಣುವಂತೆಯೂ ಹೇಳಿರಲಿಲ್ಲ. ಅನಂತರ ಕೀವಾ ತನ್ನ ವಿವರಣೆಯನ್ನು ತಿದ್ದಿಕೊಂಡಿತು. ಒಬ್ಬಳಿಗೆಂದು ಕೊಟ್ಟ ಹಣ ಒಬ್ಬಳಿಗೇ ಹೋಗಬೇಕಾದರೆ ಆಕೆ ವಾರಗಟ್ಟಲೆ ಕಾಯಬೇಕಾಗುತ್ತಿತ್ತು. ಬೀಜ ಬಿತ್ತುವ ಕಾಲ ಕಾಯುವುದಿಲ್ಲ. ಲೋಕವ್ಯವಹಾರದ ದೃಷ್ಟಿಯಿಂದ ಇದು ಸರಿಯಾದ ಏರ್ಪಾಡೇ.

ವ್ರತದ ದೃಷ್ಟಿಯಿಂದ ಮಾತ್ರ ಇದು ಇಡೀ ಲೆಕ್ಕವನ್ನು ಬದಲಿಸುತ್ತದೆ. ತರಕಾರಿಯವಳನ್ನು ಆರಿಸಿ ಕೊಟ್ಟ ಹಣ ಭಂಡಾರ ಸೇರಿ, ಅಲ್ಲಿಂದ ಮರುದಿನ ಬಲೆ ಕೊಳ್ಳುವವನ ಕೈಗೆ ಹೋಗಬಹುದು. ಹಣಕ್ಕೆ ಗುರುತಿಲ್ಲ. ಒಂದು ಬಾವಿಗೆ ಸುರಿದ ಕೊಡ ನೀರನ್ನು ಇಂತಹವರೇ ಸೇದಬೇಕೆಂದು ಹೇಳಬರುವುದೇ? ಮನ ವಚನ ಕಾಯಗಳಿಂದಲೂ ಕೃತ ಕಾರಿತ ಅನುಮೋದನೆಗಳಿಂದಲೂ ಪಾಪವನ್ನು ಪರಿಶೀಲಿಸುವ ಶಾಸ್ತ್ರದ ಎದುರಿಗೆ ‘ನನ್ನ ಚಿತ್ರ ಶುದ್ಧವಾದದ್ದು’ ಎಂಬ ಸಮಾಧಾನ ಬಹಳ ಹೊತ್ತು ನಿಲ್ಲಲಾರದು. ಒಬ್ಬನ ಹಿಂಸೆಯ ಫಲ ಹಲವರಿಗೂ ಹಲವರ ಹಿಂಸೆಯ ಫಲ ಒಬ್ಬನಿಗೂ ಸಲ್ಲಬಹುದೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ವಿವೇಚಿಸಿದ್ದಾರೆ. ಹೌದು, ಬ್ಯಾಂಕಿನಲ್ಲಿ ಠೇವಣಿ ಇಟ್ಟ ಪ್ರತಿಯೊಬ್ಬ ಶ್ರಾವಕನ ಹಣವೂ ಹೀಗೆಯೇ ಎಲ್ಲಿಗೋ ಹೋಗುತ್ತದೆ. ಅದನ್ನು ಕುರಿತು ಯಾರೂ ಪ್ರಾಯಶ್ಚಿತ್ತ ಕೇಳುವುದಿಲ್ಲ. ಆದರೆ ಠೇವಣಿಯನ್ನು ಯಾರೂ ತ್ಯಾಗವೆಂದು ಬರೆದಿಡುವುದೂ ಇಲ್ಲವಷ್ಟೆ.

ಚಿತ್ರದಲ್ಲಿ ಇನ್ನೊಂದು ದೋಷವಿದೆ, ಅದು ಸೂಕ್ಷ್ಮವಾದದ್ದು. ದಾನದ ವಿಶೇಷತೆಯನ್ನು ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರಿಂದ ಅಳೆಯುತ್ತಾರೆ. ಪಾತ್ರವನ್ನು ಗುಣದಿಂದ ಕಾಣಬೇಕು. ದಯಾದತ್ತಿಯಲ್ಲಾದರೆ ಎದುರಿನವರ ಕಷ್ಟದಿಂದ ಕಾಣಬೇಕು. ಕೀವಾದ ಸಾಲಗಳನ್ನು ಪರಿಶೀಲಿಸಿ ೨೦೧೫ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಜನರು ನೋಡಲು ಚೆಲುವಾದವರಿಗೆ, ತಿಳಿಬಣ್ಣದವರಿಗೆ, ಮೈ ತೆಳುವಾದವರಿಗೆ ಬೇಗ ಸಾಲ ಕೊಡುತ್ತಾರೆಂಬುದನ್ನು ತೋರಿಸಿತು. ಕೊಟ್ಟವರಲ್ಲಿ ಯಾರೂ ಹಾಗೆಂದು ಎಣಿಸಿ ಕೊಟ್ಟಿರಲಾರರು. ಕಣ್ಣು ತಾನಾಗಿಯೇ ಆರಿಸಿತು. ಇಂದ್ರಿಯಜಯಕ್ಕೆಂದೇ ಮೀಸಲಾದ ಪರ್ವದಲ್ಲಿ ಕರುಣೆಯೂ ಚಕ್ಷುರಿಂದ್ರಿಯದ ಬೆನ್ನುಹತ್ತಿ ಹೋಗುವುದು ಯೋಚಿಸಬೇಕಾದ ಮಾತು.

ಇಷ್ಟೆಲ್ಲ ಹೇಳಿದ ಮೇಲೆ ಚಿಕ್ಕ ಸಾಲವೇ ಕೆಟ್ಟದ್ದೆಂದು ತೀರ್ಮಾನಿಸಿದರೆ ಅದು ಏಕಾಂತವಾದೀತು. ಬೋಸ್ನಿಯಾ, ಇಥಿಯೋಪಿಯಾ, ಭಾರತ, ಮೆಕ್ಸಿಕೋ, ಮಂಗೋಲಿಯಾ, ಮೊರಾಕ್ಕೋ ಈ ಆರು ದೇಶಗಳಲ್ಲಿ ನಡೆದ ಪರೀಕ್ಷೆಗಳ ಫಲಿತಾಂಶಗಳು ೨೦೧೫ರಲ್ಲಿ ಒಟ್ಟಿಗೆ ಪ್ರಕಟವಾದವು. ಅವುಗಳಲ್ಲಿ ಭಾರತದ್ದು ಹೈದರಾಬಾದಿನ ಬಡ ಬಡಾವಣೆಗಳಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಜತೆಗಾರರು ನಡೆಸಿದ್ದು. ಸಾಲವು ಬಡತನವನ್ನು ತೊಲಗಿಸಿತೆಂದು ಅವು ಹೇಳಲಿಲ್ಲ. ಸಂಸಾರಗಳ ಒಟ್ಟು ಆದಾಯದಲ್ಲಿ ಎದ್ದು ಕಾಣುವ ಏರಿಕೆ ಆಗಿರಲಿಲ್ಲ. ಸರ್ವನಾಶ ಮಾಡಿತೆಂದೂ ಹೇಳಲಿಲ್ಲ. ಮೊದಲೇ ಒಂದು ಉದ್ಯೋಗವಿದ್ದವರು ಅದನ್ನು ಸ್ವಲ್ಪ ಬೆಳೆಸಿಕೊಂಡರು, ಕೆಲವರು ಹೊಲಿಗೆಯಂತ್ರದಂತಹ ಬಾಳಿಕೆಯ ವಸ್ತು ಕೊಂಡರು, ಯಾವಾಗ ದುಡಿಯಬೇಕು ಯಾವಾಗ ಖರ್ಚು ಮಾಡಬೇಕೆಂಬುದರಲ್ಲಿ ಕೊಂಚ ಸ್ವಾತಂತ್ರ್ಯ ದೊರೆಯಿತು. ಜೋಬ್ರಾದ ಪೀಠ ಹೆಣೆಯುವವಳಿಗೆ ವ್ಯಾಪಾರಿಯ ಕೈಯಿಂದ ಬಿಡುಗಡೆ ದೊರೆತದ್ದು ನಿಜ. ಹೈದರಾಬಾದಿನ ಎಲ್ಲರಿಗೂ ಅಂತಹ ಬಿಡುಗಡೆ ದೊರೆಯಲಿಲ್ಲವೆಂಬುದೂ ನಿಜ. ಒಂದೇ ವಸ್ತುವಿನಲ್ಲಿ ಹಲವು ಧರ್ಮಗಳನ್ನು ಕಾಣಲು ಕಲಿತವರಿಗೆ ಇದರಲ್ಲಿ ಗೊಂದಲವೇನೂ ಇರಬೇಕಾಗಿಲ್ಲ.

ಉಳಿದದ್ದು ತಂದೆಯ ಪ್ರಶ್ನೆ. ಅವರು ತಮ್ಮ ದಿಗ್ವ್ರತದ ಎಲ್ಲೆಗಳನ್ನು ಹಿಂದಿನವರಂತೆ ತೀರ್ಥಗಳಿಂದಲೂ ಸಮುದ್ರದಿಂದಲೂ ಗುರುತಿಸಿಕೊಂಡವರು: ಪೂರ್ವಕ್ಕೆ ಸಮ್ಮೇದಶಿಖರ, ಪಶ್ಚಿಮಕ್ಕೆ ಗಿರನಾರ, ದಕ್ಷಿಣಕ್ಕೆ ಕನ್ಯಾಕುಮಾರಿಯ ಕಡಲು, ಉತ್ತರಕ್ಕೆ ಹಿಮಾಲಯ. ಎಲ್ಲೆಯಾಚೆ ತನ್ನಿಂದ ಸೂಕ್ಷ್ಮಪಾಪವೂ ಆಗದ ಕಾರಣ ಅಷ್ಟರಮಟ್ಟಿಗೆ ಗೃಹಸ್ಥನ ಅಣುವ್ರತಗಳು ಮಹಾವ್ರತದ ಹೋಲಿಕೆಯನ್ನು ಪಡೆಯುತ್ತವೆಂಬುದು ಸಮಂತಭದ್ರಾಚಾರ್ಯರ ಅಭಿಪ್ರಾಯ. ದೇಶವ್ರತದ ಅತಿಚಾರಗಳಂತೂ ಇಂದಿನ ಕಾಲಕ್ಕಾಗಿಯೇ ಹೇಳಿದಂತಿವೆ: ಎಲ್ಲೆಯಾಚೆಯಿಂದ ವಸ್ತು ತರಿಸುವುದು, ಆಳನ್ನು ಕಳಿಸಿ ಕೆಲಸ ಮಾಡಿಸುವುದು, ಧ್ವನಿಯಿಂದ ಸೂಚಿಸುವುದು, ರೂಪ ತೋರಿಸಿ ಕರೆಯುವುದು, ವಸ್ತುವನ್ನು ಎಸೆಯುವುದು. ಕಾಲು ಎಲ್ಲೆ ದಾಟದಿದ್ದರೂ ಮನಸ್ಸು ದಾಟುವ ಬಗೆಗಳಿವು. ಕೈಯಲ್ಲಿ ಹಿಡಿಯುವ ದೂರವಾಣಿಯೊಂದರಿಂದ ಐದನ್ನೂ ಒಂದೇ ಬೆರಳಿನಲ್ಲಿ ಮಾಡಿ ಮುಗಿಸಬಹುದು.

ಹಾಗೆಂದು ಎಲ್ಲೆಯಾಚೆಯ ಪ್ರಾಣಿಗೆ ಕರುಣೆ ತೋರಬಾರದೆಂದು ವ್ರತದ ಅರ್ಥವೇ? ಖಂಡಿತ ಅಲ್ಲ, ಮೈತ್ರೀಭಾವನೆಗೆ ದಿಕ್ಕಿನ ಕಟ್ಟಿಲ್ಲ. ದಾನಕ್ಕೂ ಸಾಲಕ್ಕೂ ಇರುವ ಭೇದ ಇಲ್ಲಿಯೇ ಉಪಯೋಗಕ್ಕೆ ಬರುವುದು. ದಾನ ಕೊಟ್ಟವನ ಸ್ವಾಮ್ಯ ಅವನ ಅಂಗೈಯಲ್ಲಿಯೇ ಮುಗಿಯುತ್ತದೆ. ಆಮೇಲೆ ಆ ಹಣ ಸಮುದ್ರ ದಾಟಿದರೂ ಅವನದಾಗಿ ದಾಟಲಿಲ್ಲ. ಸಾಲ ಕೊಟ್ಟವನ ಸ್ವಾಮ್ಯ ಹಣದ ಜತೆಯಲ್ಲಿಯೇ ಪ್ರಯಾಣ ಮಾಡುತ್ತದೆ. ಉಗಾಂಡಾದ ಪೇಟೆಯಲ್ಲಿ ಈಗ ಹುಬ್ಬಳ್ಳಿಯ ವ್ರತಿಯ ಒಂದು ಪರಿಗ್ರಹ ಇದ್ದಂತಾಯಿತು. ಅದಕ್ಕಾಗಿ ಅಲ್ಲಿ ಯಾರೋ ಯಾರದೋ ಬಾಗಿಲು ತಟ್ಟುತ್ತಾರೆ, ಅವನ ಪರವಾಗಿ. ಇದು ಎಲ್ಲೆಯಾಚೆಗೆ ಕ್ಷೇತ್ರವನ್ನು ಹಿಗ್ಗಿಸಿದಂತೆಯೇ. ಮೊತ್ತ ಎರಡು ಸಾವಿರ ರೂಪಾಯಿಗೆ ಸ್ವಲ್ಪ ಮೇಲೆ ಎಂಬುದರಿಂದ ಅತಿಚಾರ ಅಲ್ಪವಾಗಬಹುದು, ಇಲ್ಲವಾಗದು. ಪರಿಗ್ರಹಪರಿಮಾಣದ ಲೆಕ್ಕದಲ್ಲಿಯೂ ಇದೇ ನ್ಯಾಯ: ಮನೆಯಲ್ಲಿರುವ ಹಣವನ್ನಷ್ಟೇ ಎಣಿಸಿ, ಹೊರಗೆ ಬರಬೇಕಾದದ್ದನ್ನು ಎಣಿಸದೆ ಬಿಡುವ ಗೃಹಸ್ಥನು ಎಣಿಕೆಯನ್ನು ಅರ್ಧಕ್ಕೇ ನಿಲ್ಲಿಸಿದವನು.

ಹಿರಿಯರು ಈ ವಿಚಾರವನ್ನು ಮಗಳಿಗೆ ದೂರವಾಣಿಯಲ್ಲಿ ತಿಳಿಸಿದರು. ತಮ್ಮ ಹೆಸರಿನಲ್ಲಿ ಸಾಲ ಬೇಡವೆಂದರು. ಮಗಳಿರುವುದೂ ಎಲ್ಲೆಯಾಚೆಯೇ, ತಾನು ದಿನವೂ ಅವಳ ಧ್ವನಿಗೆ ಕಾಯುವುದೂ ಎಲ್ಲೆಯಾಚೆಯ ಮೋಹವೇ ಎಂಬುದನ್ನೂ ಅವರು ಬಲ್ಲರು. ಅದಕ್ಕೆ ತಾವೇ ಪ್ರತಿಕ್ರಮಣದಲ್ಲಿ ಉತ್ತರ ಹುಡುಕಿಕೊಳ್ಳುತ್ತಿದ್ದಾರೆ. ಮಗಳು ಮೊದಲು ವಾದ ಮಾಡಿದಳು. ಹಣ ಮರಳಿ ಬಂದರೇನು, ಆರು ಮನೆಗಳಿಗೆ ಉಪಕಾರವಾಗಲಿಲ್ಲವೇ? ದಾನ ಮಾಡಿದ್ದರೆ ಒಂದೇ ಮನೆಗೆ ಆಗುತ್ತಿತ್ತು. ತಂದೆ ಅದನ್ನು ಅಲ್ಲಗಳೆಯಲಿಲ್ಲ. ಉಪಕಾರವಾದದ್ದು ಉಪಕಾರದ ಲೆಕ್ಕದಲ್ಲಿರಲಿ, ತ್ಯಾಗದ ಪುಟದಲ್ಲಿ ಬೇಡ ಎಂದಷ್ಟೇ ಹೇಳಿದರು. ಆಕೆ ಈ ಆರು ವರ್ಷಗಳಲ್ಲಿ ನಿಜವಾಗಿ ಬಿಟ್ಟುಕೊಟ್ಟದ್ದೆಂದರೆ ಅಷ್ಟು ಹಣಕ್ಕೆ ಬ್ಯಾಂಕಿನಲ್ಲಿ ಬರಬಹುದಾಗಿದ್ದ ಬಡ್ಡಿ, ಮತ್ತು ಮುಳುಗಿದರೆ ಮುಳುಗಲಿ ಎಂಬ ಧೈರ್ಯ. ಬಡ್ಡಿಯನ್ನು ಕೂಡಿಸಿ ನೋಡಿದರೆ ನಾಲ್ಕೈದು ಡಾಲರು.

ಈ ವರ್ಷದ ಪರ್ವದಲ್ಲಿ ಆಕೆ ಪುಸ್ತಕ ತೆರೆದು ತ್ಯಾಗದ ಪುಟದ ಆರು ಸಾಲುಗಳ ಮೇಲೂ ಗೆರೆ ಎಳೆದಳು. ಪರಿಗ್ರಹದ ಪುಟದ ಕೊನೆಯಲ್ಲಿ, ಒಡವೆ ಬಟ್ಟೆ ಪಾತ್ರೆಗಳ ಕೆಳಗೆ, ‘ಸಾಲ ಕೊಟ್ಟದ್ದು, ೨೫ ಡಾಲರು’ ಎಂದು ಸೇರಿಸಿದಳು. ತ್ಯಾಗಧರ್ಮದ ದಿನ ಅಷ್ಟೇ ಮೊತ್ತವನ್ನು ಬೇರೆಯಾಗಿ ತೆಗೆದು ಔಷಧದಾನಕ್ಕೆ ಕೊಟ್ಟು, ಅದನ್ನು ಬರೆದಿಟ್ಟಳು. ಸಾಲ ಕೊಡುವುದನ್ನು ನಿಲ್ಲಿಸಬೇಕೇ ಎಂಬುದನ್ನು ಆಕೆ ಇನ್ನೂ ನಿರ್ಧರಿಸಿಲ್ಲ. ಹಳೆಯ ಸಾಲದ ಮೂರು ಕಂತುಗಳು ಬರುವುದಿವೆ. ಜಾಲತಾಣವನ್ನು ತೆರೆದಾಗ ಈಗ ಮುಖಗಳ ಪುಟಕ್ಕೆ ಹೋಗುವ ಮೊದಲು ಪಾಲುದಾರ ಸಂಸ್ಥೆಯ ಪುಟಕ್ಕೆ ಹೋಗಿ, ಬಡ್ಡಿಯ ದರ ಎಷ್ಟು, ಕಂತು ತಪ್ಪಿದವರನ್ನು ಏನು ಮಾಡುತ್ತಾರೆ ಎಂಬುದನ್ನು ಓದುತ್ತಾಳೆ. ಎರಡನೆಯ ಪ್ರಶ್ನೆಗೆ ಅಲ್ಲಿ ಉತ್ತರ ಕಾಣದಿದ್ದಾಗ ಪತ್ರ ಬರೆದು ಕೇಳುತ್ತಾಳೆ.